ಸಾವಿತ್ರಿಯ ತಣ್ಣನೆಯ ಕಾಲಿಗೆ ದೊಡ್ಡಮ್ಮನ ಉತ್ತರ

ವಿದ್ಯಾ, ಎರಡು ಕಂಬಳಿ ಹೊದಿಸಿದರೂ ರಾತ್ರಿ ಅಮ್ಮನ ಪಾದ ಮಂಜುಗಡ್ಡೆಯಂತಿರುತ್ತದೆ, ಬಿಸಿನೀರಿನ ಚೀಲ ಇಡಲೇ ಎಂದು ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ಕೇಳಿದ್ದೀಯಲ್ಲ. ಬೇಡ ತಾಯಿ. ಇಷ್ಟು ವರ್ಷದ ಸಕ್ಕರೆ ಕಾಯಿಲೆಯವಳ ಕಾಲಿಗೆ ಬಿಸಿನೀರಿನ ಚೀಲ ಇಡಬೇಡ. ಟೈಪ್ ಮಾಡಲು ನನಗೆ ಕಣ್ಣು ಸಾಲದು, ಬಾಯಲ್ಲೇ ಹೇಳುತ್ತೇನೆ. ಅರ್ಧಕ್ಕೆ ನಿಲ್ಲಿಸದೆ ಎಲ್ಲರೂ ಕೇಳಿ.

ನಿನ್ನ ದೊಡ್ಡಪ್ಪನ ಎಡಗಾಲು ನೆನಪಿದೆಯಲ್ಲ? 2019ರ ಧನುರ್ಮಾಸ. ಅವರಿಗೂ ಸಕ್ಕರೆ ಕಾಯಿಲೆಯಲ್ಲವೇ, ಚಳಿಯೆಂದು ಅನ್ನಿಸಿರಲೇ ಇಲ್ಲ, ಹೊದಿಕೆ ಸರಿಮಾಡುವಾಗ ನನ್ನ ಕೈಗೇ ಪಾದ ತಣ್ಣಗೆ ತಾಗಿತು. ಹಂಡೆಯಿಂದ ನೀರು ಮೊಗೆದು ಆ ಕೆಂಪು ರಬ್ಬರ್ ಚೀಲಕ್ಕೆ ತುಂಬಿ, ಹಳೆಯ ಪಂಚೆ ಸುತ್ತಿ ಹಿಮ್ಮಡಿಯ ಕೆಳಗಿಟ್ಟೆ. ಮನುಷ್ಯ ರಾತ್ರಿಯಿಡೀ ಮಿಸುಕಲಿಲ್ಲ, ಗೊರಕೆ ಹೊಡೆದರು. ಬೆಳಿಗ್ಗೆ ಎದ್ದು ಹಲ್ಲುಜ್ಜಲು ಹೋದರು. ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು. ನೀರು ಚೆಲ್ಲಿದಿರಾ ಎಂದು ಗದರಿದೆ. ನೋಡಿದರೆ, ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ ಎದ್ದು ಒಡೆದಿತ್ತು. ಅವರಿಗೆ ಅದು ತಿಳಿದೇ ಇರಲಿಲ್ಲ!

ಮೈಯ ಬಿಸಿಯನ್ನು ಹೊತ್ತು ತಿರುಗುವುದು ರಕ್ತವಂತೆ. ಚಳಿಯಾದರೆ ಎದೆ, ಹೊಟ್ಟೆಯನ್ನು ಬೆಚ್ಚಗಿಡಲೆಂದು ಕೈಕಾಲಿನ ರಕ್ತನಾಳಗಳು ಬಿಗಿಯಾಗುತ್ತವಂತೆ. ಭದ್ರಾ ನಾಲೆಯ ಕೊನೆ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮೇಲೆ ತೂಬು ಇಳಿಸಿದರೆ ನಮ್ಮ ಗದ್ದೆ ಒಣಗುತ್ತದೆ. ಸಕ್ಕರೆ ಕಾಯಿಲೆ ಆ ನಾಳಗಳನ್ನೂ ಕೆಡಿಸುತ್ತದೆ, ಉರಿ ತಿಳಿಸುವ ನರಗಳನ್ನೂ ಕೊಲ್ಲುತ್ತದೆ. ಇನ್ನೊಂದು ಮಾತು ನನಗೆ ಹೊಸದು: ಹೆಚ್ಚಾದ ಬಿಸಿಯನ್ನು ಅಲ್ಲಿಂದ ಒಯ್ಯುವುದೂ ರಕ್ತವೇ ಎಂದು ಡ್ರೆಸ್ಸಿಂಗ್ ಮಾಡಿದ ಡಾಕ್ಟರು ಹೇಳಿದರು. ಹರಿವು ಕಡಿಮೆಯಾದ ಕಾಲಿನಲ್ಲಿ ಬಿಸಿ ಅಲ್ಲೇ ನಿಂತು ಸುಡುತ್ತದೆ. ನನ್ನ ಕೈಗೆ ಹಿತವಾಗಿದ್ದ ಬಿಸಿಯೇ ಅವರ ಚರ್ಮವನ್ನು ಬೇಯಿಸಿತು. ಅದಕ್ಕೇ ಮತ್ತೆ ಹೇಳುತ್ತೇನೆ, ಚೀಲ ಬೇಡ, ಕೆಂಡದ ಶಾಖ ಬೇಡ, ಹೀಟರ್ ಮುಂದೆ ಕಾಲು ಚಾಚಿ ಕೂರಿಸುವುದೂ ಬೇಡ.

ಆರು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಆಗ ಈ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕದವರಿಲ್ಲ, ಬಸ್ಸು ಹತ್ತಿ ಬಂದವರೂ ಇಲ್ಲ. ಹಿಂದಿನ ತಿಂಗಳು ಗೃಹಪ್ರವೇಶದ ಹೋಳಿಗೆಗೆ ಮಾತ್ರ ಮೂರು ಪಂಕ್ತಿ ಕೂತಿದ್ದಿರಿ. ಆಗ ಕಾಲು ನೋಡಲು ಬಂದವಳು ನಿಮ್ಮಮ್ಮ ಒಬ್ಬಳೇ. ಬಂದು ಕಾಫಿ ಕುಡಿದು ಏನೆಂದಳು? “ಅಕ್ಕಾ, ಸ್ವಲ್ಪ ನೋಡಿ ಇಡಬಾರದಿತ್ತೇ?” ಆ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ. ಇರಲಿ, ಕುಕ್ಕರ್ ಕೂಗಿತು, ಒಂದು ನಿಮಿಷ.

ಹಾಂ. ಅಯ್ಯೋ, ಕೇಳಬೇಕಾದದ್ದನ್ನೇ ಬಿಟ್ಟೆ. ತಣ್ಣಗಿರುವುದು ಎರಡೂ ಪಾದವೋ, ಒಂದೇ ಪಾದವೋ? ಎರಡೂ ಆದರೆ ಬಿಗಿ ಎಲಾಸ್ಟಿಕ್ ಇಲ್ಲದ ಸಡಿಲ ಕಾಲುಚೀಲ ಹಾಕು, ಮಲಗುವ ಮುನ್ನ ಹಜಾರದಲ್ಲಿ ನಾಲ್ಕು ಸುತ್ತು ನಡೆಸು. ಈ ವಾರವೇ ಡಾಕ್ಟರಿಗೆ ಕಾಲು ತೋರಿಸಿ, ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸು. ಒಂದೇ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡೋ ನೀಲಿಗಟ್ಟಿಯೋ ಇದ್ದರೆ, ಇಲ್ಲವೇ ನೋವಿದ್ದರೆ, ಇಲ್ಲವೇ ಬೆರಳಾಡಿಸಲು ಬಾರದಿದ್ದರೆ ಬೆಳಗಾಗಲೆಂದು ಕಾಯಬೇಡ, ಈ ರಾತ್ರಿಯೇ ಆಸ್ಪತ್ರೆಗೆ ಹೊರಡು. ನೋವಿಲ್ಲವೆಂದಳೆಂದು ಸುಮ್ಮನಿರಬೇಡ, ದೊಡ್ಡಪ್ಪನಿಗೂ ನೋವಿರಲಿಲ್ಲ. ಈಗಲೇ ದೀಪ ಹಾಕಿ ಎರಡೂ ಪಾದ ಮುಟ್ಟಿ ನೋಡಿ ಹೇಳು. ನಾನು ಫೋನ್ ಹಿಡಿದುಕೊಂಡೇ ಕೂತಿರುತ್ತೇನೆ.