ಅಡಿಕೆಯ ಮಹಾಳಿ (ಕೊಳೆರೋಗ) ಮದ್ದಿಗೆ ‘ಒಗ್ಗಿಕೊಳ್ಳುವುದು’ ಅಂದರೆ ಏನಾಗುವುದು?

ಬದಿಯಡ್ಕದ ಕೃಷಿಕ:
ಮೆಟಲಾಕ್ಸಿಲ್ ಇರುವ ಮದ್ದನ್ನು ವರ್ಷ ವರ್ಷ ಬಿಟ್ಟರೆ ಮಹಾಳಿ ಅದಕ್ಕೆ ಒಗ್ಗಿಕೊಳ್ಳುತ್ತದೆ ಅನ್ನುತ್ತಾರೆ. ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ಅಜ್ಜನ ಕಾಲದ್ದು, ಇನ್ನೂ ಕೆಲಸ ಮಾಡುತ್ತದೆ. ರೋಗಾಣುವಿನೊಳಗೆ ಬದಲಾಗುವುದು ಏನು? ಮೆಟಲಾಕ್ಸಿಲ್ ಕೈಬಿಡಬೇಕೇ?

ಸಸ್ಯರೋಗ ಓದಿದವ:
ಯಾವ ಬೀಜಕವೂ ಮದ್ದು ಕುಡಿದು ಅಭ್ಯಾಸ ಮಾಡಿಕೊಳ್ಳುವುದಿಲ್ಲ. ಮಹಾಳಿ ತರುವ ರೋಗಾಣು ಫೈಟೋಫ್ತೊರಾ ತನ್ನ ಡಿಎನ್‌ಎ ನಕಲು ಮಾಡುವಾಗ ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ. ಕೊಳೆತ ಒಂದು ಗೊನೆಯಲ್ಲೇ ಬೀಜಕಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ತೋಟಕ್ಕೆ ಮದ್ದು ಬೀಳುವ ಮೊದಲೇ ಅಂಥ ತಪ್ಪು ಎಲ್ಲೋ ಒಂದು ಕಡೆ ಇರಬಹುದು. ಮದ್ದು ಉಳಿದವನ್ನು ಕೊಂದು ಅದಕ್ಕೆ ಜಾಗ ಬಿಡಿಸಿಕೊಡುತ್ತದೆ, ಅಷ್ಟೆ.

ಮೆಟಲಾಕ್ಸಿಲ್ ಹಿಡಿಯುವುದು ಆರ್‌ಎನ್‌ಎ ಪಾಲಿಮರೇಸ್ 1 ಎಂಬ ಒಂದೇ ಕಿಣ್ವವನ್ನು. ಅದರ ಆಕಾರ ಚೂರು ಬದಲಾದರೂ ಮದ್ದಿಗೆ ಹಿಡಿತ ಸಿಗುವುದಿಲ್ಲ, ಕಿಣ್ವದ ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ. 1977ರಲ್ಲಿ ಬಂದ ಈ ಮದ್ದನ್ನು 1980ಕ್ಕೇ ಐರ್ಲೆಂಡ್, ನೆದರ್ಲೆಂಡ್ಸ್‌ಗಳ ಬಟಾಟೆ ಅಂಗಮಾರಿ (ಅದೂ ಫೈಟೋಫ್ತೊರಾದ್ದೇ ರೋಗ) ಮೀರಿ ನಿಂತಿತು. ಬೋರ್ಡೋದ ಮೈಲುತುತ್ತಿನಲ್ಲಿರುವ ತಾಮ್ರ ಹಾಗಲ್ಲ. ಒಂದೇ ಹೊತ್ತಿಗೆ ಹಲವು ಕಿಣ್ವಗಳನ್ನು ಕೆಡಿಸುತ್ತದೆ. ಅಷ್ಟನ್ನೂ ತಪ್ಪಿಸಿಕೊಳ್ಳುವ ಬದಲಾವಣೆಗಳು ಒಂದೇ ಬೀಜಕದಲ್ಲಿ ಕೂಡಿಬರುವುದು ತೀರಾ ಕಷ್ಟ. (ಬ್ಯಾಕ್ಟೀರಿಯಾದ ಕಥೆ ಬೇರೆ. ಟೊಮೆಟೊದ ಕ್ಸಾಂಥೋಮೊನಾಸ್ ತಾಮ್ರವನ್ನು ತಡೆದುಕೊಳ್ಳುವ ಜೀನುಗಳನ್ನೇ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿ ಕಟ್ಟಿ ನೆರೆಯ ಕೋಶಕ್ಕೆ ದಾಟಿಸುತ್ತದೆ.)

ಪೆರ್ಲದಿಂದ:
ಪ್ರಮಾಣದ ಮಾತನ್ನೂ ಸೇರಿಸಬೇಕು. ಫೈಟೋಫ್ತೊರಾದಲ್ಲಿ ಪ್ರತಿ ಜೀನಿಗೆ ಎರಡು ಪ್ರತಿ. ಒಂದು ಮಾತ್ರ ಬದಲಾದರೆ ನಿರೋಧ ಅರೆಬರೆ. ಸರಿಯಾದ ಪ್ರಮಾಣಕ್ಕೆ ಅದೂ ಸಾಯಬಹುದು. ಮದ್ದು ತೆಳು ಮಾಡಿ ಬಿಟ್ಟರೆ ಬದುಕುತ್ತದೆ. ಅಂಥವೆರಡು ಕೂಡಿದರೆ ಸಂತತಿಯ ಕಾಲು ಭಾಗಕ್ಕೆ ಎರಡೂ ಪ್ರತಿ ಬದಲಾದದ್ದೇ ಸಿಗುತ್ತದೆ. ಮೆಟಲಾಕ್ಸಿಲ್ ಜೊತೆ ಮ್ಯಾಂಕೊಜೆಬ್ ಎಂಬ ಇನ್ನೊಂದು ಮದ್ದು ಬೆರೆತ ಪುಡಿಯಿದ್ದರೆ ಭಯವಿಲ್ಲ ಅನ್ನುವುದು ಅರ್ಧ ಸತ್ಯ: ಮ್ಯಾಂಕೊಜೆಬ್ ಕಾಯಿಯ ಮೇಲ್ಮೈಯಲ್ಲೇ ಉಳಿದು ನಮ್ಮ ಮಳೆಗೆ ತೊಳೆದುಹೋಗುತ್ತದೆ, ಒಳಗಿಳಿದ ಮೆಟಲಾಕ್ಸಿಲ್ ಒಂಟಿಯಾಗುತ್ತದೆ. ಕೈಬಿಡುವುದು ಬೇಡ, ಆದರೆ ಬೆನ್ನುಬೆನ್ನಿಗೆ ಅದನ್ನೇ ಬಿಡಬೇಡಿ.

ಸಸ್ಯರೋಗ ಓದಿದವ:
ಒಪ್ಪಿದೆ. ಅಡಿಕೆ ಮರಕ್ಕೇ ಹಬ್ಬಿಸಿದ ಕಾಳುಮೆಣಸಿನ ಸೊರಗು ರೋಗಕ್ಕೂ ಇದೇ ಮದ್ದು ಬಳಸುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮುಳ್ಳೇರಿಯದಿಂದ:
ರೋಗ ನಿಲ್ಲದಿದ್ದರೆ ಜೀನನ್ನು ದೂರುವ ಮೊದಲು ಬೋರ್ಡೋ ಪರೀಕ್ಷಿಸಿ. 1 ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, 1 ಕಿಲೋ ಸುಟ್ಟ ಸುಣ್ಣ ಇನ್ನೊಂದು 50 ಲೀಟರಿಗೆ. ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು, ತಿರುಗಿಸಿ ಅಲ್ಲ; ಪಾತ್ರೆ ಕಬ್ಬಿಣದ್ದಾಗಬಾರದು. ಉಜ್ಜಿದ ಪೀಶಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಹಿಡಿದರೆ ಹುಳಿ ಉಳಿದಿದೆ, ಕಾಯಿ ಸುಡುತ್ತದೆ. ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಮುಗಿಸಿ. ಮೊದಲ ಸಲ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಗೊನೆಯ ಒಳಮೈಗೂ ತಾಗಬೇಕು. ಉದುರಿದ ಕಾಯಿ ಹೆಕ್ಕಿ ತೋಟದಿಂದಾಚೆ ಸುಡಿ. ಬುಡದಲ್ಲಿ ಬಿಟ್ಟ ಪ್ರತಿ ಕಾಯಿಯಲ್ಲೂ ಆ ಡಿಎನ್‌ಎ ನಕಲು ನಡೆಯುತ್ತಲೇ ಇರುತ್ತದೆ.