ಸಹಾಯ ಬೇಕು: ಟ್ಯಾಬ್ಲೆಟ್‌ನಲ್ಲಿ ಅಕ್ಷರ ತಿದ್ದುವಾಗ ಅಂಗೈ ತಾಗಿ ಗೆರೆ ಹಾರುತ್ತಿದೆ

ಎಲ್ಲರಿಗೂ ನಮಸ್ಕಾರ. 4–5 ವರ್ಷದ ಮಕ್ಕಳಿಗೆ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ಕನ್ನಡ ಅಕ್ಷರ ತಿದ್ದಿಸುತ್ತಿದ್ದೇವೆ. ಇಬ್ಬರಿಗೆ ಒಂದು ಟ್ಯಾಬ್, ಸರದಿಗೆ 10 ನಿಮಿಷ.

ಈ ವಯಸ್ಸಿನವರು ಬರೆಯುವಾಗ ಅಂಗೈಯನ್ನು ಪರದೆಯ ಮೇಲೆ ಊರುತ್ತಾರೆ. ಪರದೆ ಅದನ್ನೂ ಬೆರಳೆಂದೇ ಎಣಿಸುತ್ತದೆ. ‘ಅ’ ಅಕ್ಷರದ ಸುತ್ತು ಅರ್ಧಕ್ಕೆ ಬರುವಷ್ಟರಲ್ಲಿ ಗೆರೆ ಅಂಗೈಯತ್ತ ಹಾರುತ್ತದೆ, ಆ್ಯಪ್ ‘ತಪ್ಪು’ ಎನ್ನುತ್ತದೆ. ಸರಿಯಾಗಿ ತಿದ್ದುತ್ತಿದ್ದ ಮಗು ಅಲ್ಲಿಗೇ ಕೈ ಬಿಡುತ್ತದೆ. ನಮ್ಮ ಚಿಂತೆ ಅದೇ.

ತೋರುಬೆರಳಿನ ತುದಿ ಕತ್ತರಿಸಿದ ದಪ್ಪ ಬಟ್ಟೆಯ ಕೈಗವಸು ತಕ್ಕಮಟ್ಟಿಗೆ ಸಾಕು, ಆದರೆ ಬೆವರಿಗೆ ಒದ್ದೆಯಾದರೆ ಮತ್ತೆ ಅದೇ ಪಾಡು. ರಬ್ಬರ್ ತುದಿಯ ಸ್ಟೈಲಸ್‌ನಿಂದ (ಪರದೆಯ ಮೇಲೆ ಬರೆಯುವ ಕಡ್ಡಿ) ಪ್ರಯೋಜನವಿಲ್ಲ: ಅದಕ್ಕೂ ಅಂಗೈಗೂ ಇರುವ ವ್ಯತ್ಯಾಸ ಪರದೆಗೆ ತಿಳಿಯದು. ಆ್ಯಪ್ ಪಿನ್ ಮಾಡಿದ್ದೇವೆ, ಅಂದರೆ ಪರದೆಯಲ್ಲಿ ಅದೊಂದೇ ಉಳಿಯುವಂತೆ ಮಾಡಿದ್ದೇವೆ. ಅದರಿಂದ ಮಕ್ಕಳು ಆ್ಯಪ್‌ನಿಂದ ಹೊರಬೀಳುವುದು ನಿಂತಿತು, ಅಷ್ಟೇ.

ಆರಂಭದ ಚುಕ್ಕೆಯ ಮೇಲೆ ಬಿದ್ದ ಸ್ಪರ್ಶವನ್ನಷ್ಟೇ ಹಿಂಬಾಲಿಸಿ, ಉಳಿದದ್ದನ್ನು ಕಡೆಗಣಿಸುವ ಕನ್ನಡ ಆ್ಯಪ್ ಯಾವುದಾದರೂ ಇದೆಯೇ? ಮೊದಲು ತಾಗಿದ್ದನ್ನು ಹಿಂಬಾಲಿಸುವಂಥದ್ದು ಆಗದು. ಎಷ್ಟೋ ಸಲ ಅಂಗೈಯೇ ಮೊದಲು ತಾಗುತ್ತದೆ. ಇಂಟರ್ನೆಟ್ ಇಲ್ಲದೆ ನಡೆಯಬೇಕು, ನಡುವೆ ಜಾಹೀರಾತು ಬರಬಾರದು. ಮಕ್ಕಳ ಜೊತೆ ಬಳಸಿ ನೋಡಿದವರು ದಯವಿಟ್ಟು ಹೆಸರು ತಿಳಿಸಿ. ಟ್ಯಾಬ್ ಇಳಿಜಾರಾಗಿ ಇಟ್ಟರೆ ಅಂಗೈ ಊರುವುದು ಕಡಿಮೆಯಾಗುವುದಾದರೆ, ಎಷ್ಟು ಓರೆ ಇಡಬೇಕೆಂದೂ ಹೇಳಿ.