ಸಹಾಯ ಬೇಕು: ನಾಲ್ಕು, ಐದನೇ ತರಗತಿಯವರಿಗೆ ಐತಿಹಾಸಿಕ ಕಥೆಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನಾಲ್ಕು, ಐದನೇ ತರಗತಿಯ ಮಕ್ಕಳು ತಾವೇ ಓದಿಕೊಳ್ಳಬಹುದಾದ ಐತಿಹಾಸಿಕ ಕಥೆಗಳು ಬೇಕಾಗಿವೆ. ಜೀವನಚರಿತ್ರೆ ಬೇಡ, ಹುಟ್ಟಿದ ವರ್ಷ, ಪಟ್ಟಕ್ಕೇರಿದ ವರ್ಷ, ಗೆದ್ದ ಊರುಗಳ ಪಟ್ಟಿ ಇರುವಂಥವು ಕಪಾಟಿನ ತುಂಬ ದೂಳು ತಿನ್ನುತ್ತಿವೆ. ದೊಡ್ಡವರ ಕಾದಂಬರಿಗಳು ಈ ವಯಸ್ಸಿಗೆ ಭಾರ.

ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಒನಕೆ ಕಿಂಡಿಯ ಮುಂದೆ ಸಾಲಾಗಿ ನಿಂತು ಒಬ್ಬೊಬ್ಬರೇ ಬಗ್ಗಿ ನೋಡಿದರು. ಓಬವ್ವನ ಕಥೆ ಅವರಿಗೆ ಬಾಯಿಪಾಠ. ಆದರೆ ಸಿಡಿಮದ್ದು ಬೀಸುವ ಕಲ್ಲುಗಳ ಗುಂಡಿಯ ಹತ್ತಿರ ಬಂದ ಪ್ರಶ್ನೆಗಳೇ ಬೇರೆ: ಇಷ್ಟು ದೊಡ್ಡ ಕಲ್ಲನ್ನು ಯಾರು ತಿರುಗಿಸುತ್ತಿದ್ದರು, ಅವರ ಮಕ್ಕಳು ಎಲ್ಲಿ ಆಡುತ್ತಿದ್ದರು, ಊಟಕ್ಕೆ ಏನಿತ್ತು? ನನಗೆ ಬೇಕಾದ ಪುಸ್ತಕ ಅಲ್ಲಿಂದ ಶುರುವಾಗಬೇಕು. 1779ರಲ್ಲಿ ಹೈದರಾಲಿ ದುರ್ಗ ಹಿಡಿದದ್ದನ್ನು, ಮದಕರಿನಾಯಕರು ಸೆರೆಯಾದದ್ದನ್ನು ಕಾವಲುಗಾರನ ಮಗಳೊಬ್ಬಳು ಕಂಡಂತೆ ಹೇಳುವ ಕಥೆ ಇದ್ದರೆ ಎಷ್ಟು ಚೆನ್ನ! ಪಾತ್ರ ಕಲ್ಪಿತವಾಗಿರಲಿ, ಆದರೆ ಪಾಳೆಯಗಾರರ ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಕಂಡರೆ ನಮ್ಮ ಹುಡುಗರು ಬಿಡುವವರಲ್ಲ.

ದುರ್ಗದ ಕಥೆಯೇ ಆಗಬೇಕೆಂದಿಲ್ಲ. ಹಂಪಿ, ಕೆಳದಿ, ಕಿತ್ತೂರು ಯಾವುದಾದರೂ ಸರಿ. 50-60 ಪುಟ, ದಪ್ಪ ಅಕ್ಷರ, ಚಿತ್ರಗಳಿದ್ದರೆ ಒಳ್ಳೆಯದು. ಯುದ್ಧ ಇರಲಿ, ಪುಟಪುಟಕ್ಕೂ ರಕ್ತ ಹರಿಯುವುದು ಬೇಡ. ಓದಿದವರು ಪುಸ್ತಕದ ಹೆಸರು, ಪ್ರಕಾಶಕರು, ಚಿತ್ರದುರ್ಗ ಅಥವಾ ದಾವಣಗೆರೆಯ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನು ತಿಳಿಸಿ. ನಿಮ್ಮ ಮನೆಯ ಮಗು ಅದನ್ನು ಕೊನೆಯವರೆಗೆ ಓದಿತೇ, ನಡುವೆಯೇ ಮುಚ್ಚಿಟ್ಟಿತೇ ಎಂದೂ ಬರೆದರೆ ಇನ್ನಷ್ಟು ಉಪಕಾರ.